ಹಾಜರಿ ಪುಸ್ತಕದ ಹನ್ನೊಂದು ಮಂದಿ

ನನ್ನ ಮೊದಲ ದೀಪಾವಳಿ ಹನ್ನೊಂದು ಜನ ಪರದೇಶದ ಗಂಡಸರ ಕಾಲಿನ ಮೇಲೆ ನಿಂತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ಹನ್ನೊಂದು ಜನರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಗದಗ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ. ಆದರೂ ಅವರಲ್ಲಿ ಒಬ್ಬನ ಮಂಡಿ ಊದಿಕೊಂಡರೆ ಇಲ್ಲಿ ಪುಣೆಯ ಖಡಕಿಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಅದು 2005. ಮೇ ತಿಂಗಳಲ್ಲಿ ಮದುವೆಯಾಗಿ ಗದಗದಿಂದ ಪುಣೆಗೆ ಬಂದಿದ್ದೆ. ಗಂಡನ ಹೆಸರು ಶಿವರಾಜ. ನಾನು ಆ ಹೆಸರು ಬಾಯಿಬಿಟ್ಟು ಹೇಳಿದರೆ ನಮ್ಮ ಅತ್ತೆ ಚನ್ನಬಸವ್ವನವರ ಮುಖ ಗಂಟಿಕ್ಕುತ್ತಿತ್ತು, ಹಾಗಾಗಿ ಇಲ್ಲಿಯೂ ‘ಇವರು’ ಎಂದೇ ಹೇಳುತ್ತೇನೆ. ಇವರಿಗೆ ಮಗರಪಟ್ಟಾದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಅಮೆರಿಕದಲ್ಲಿ ಯಾರದೋ ಕಂಪ್ಯೂಟರ್ ಕೆಟ್ಟರೆ ಇಲ್ಲಿಂದ ಸರಿಮಾಡುವುದು. ಮಾವ ಶಿವರುದ್ರಪ್ಪನವರು ಖಡಕಿಯ ಮಿಲಿಟರಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕ್ಲಾರ್ಕ್ ಆಗಿದ್ದು ಆ ಮಾರ್ಚಿನಲ್ಲಷ್ಟೇ ನಿವೃತ್ತರಾಗಿದ್ದರು. ನಿವೃತ್ತರಾಗಿದ್ದು ಕಾಗದದ ಮೇಲೆ ಮಾತ್ರ. ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಅಂಗಿ ತೊಟ್ಟು, ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು, ಎಲ್ಲಿ ಹೋಗಬೇಕೆಂದು ತಿಳಿಯದೆ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು. ಅತ್ತೆ ಅವರನ್ನು ದಿನಕ್ಕೆ ಹತ್ತು ಸಲ ಹೊರಗೆ ಅಟ್ಟುತ್ತಿದ್ದರು.

ನಮ್ಮ ಕಡೆ ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಹೆಂಡತಿಯ ತವರಿಗೆ ಹೋಗಲೇಬೇಕು. ನಮ್ಮಪ್ಪ ನಿಜಲಿಂಗಪ್ಪನಿಗೆ ನಾನೊಬ್ಬಳೇ ಮಗಳು. ಆಗಸ್ಟಿನಿಂದಲೇ ಅಪ್ಪನ ಫೋನು ಶುರು. ಅಳಿಯಂದಿರಿಗೆ ಕರಿಗಡುಬು ಸೇರುತ್ತದೋ ಹೋಳಿಗೆಯೋ, ಸ್ನಾನಕ್ಕೆ ನೀರು ಎಷ್ಟು ಕಾದಿರಬೇಕು, ಹೊಸ ಗಾದಿ ಮಾಡಿಸಲೋ ಬೇಡವೋ. ಓಣಿಯವರಿಗೆಲ್ಲ ಹೇಳಿ ಮುಗಿಸಿದ್ದ. ನನಗೂ ಆಸೆ ಇತ್ತು, ಮುಚ್ಚಿಡುವುದೇಕೆ. ಗಂಡನನ್ನು ಪಕ್ಕದಲ್ಲಿ ಇಟ್ಟುಕೊಂಡು ನಮ್ಮ ಓಣಿಯಲ್ಲಿ ಒಂದು ಸಲ ನಡೆದು ಹೋಗಬೇಕು, ಕಿಟಕಿಗಳೆಲ್ಲ ತೆರೆಯಬೇಕು. ಅಷ್ಟೇ.

ಆದರೆ ಅಮೆರಿಕಕ್ಕೆ ದೀಪಾವಳಿ ಇಲ್ಲವಲ್ಲ. ಇವರ ವಿಭಾಗದಲ್ಲಿ ಒಂಬತ್ತು ಜನ, ಹಬ್ಬದ ನಾಲ್ಕು ದಿನ ಇಬ್ಬರು ಕಡ್ಡಾಯವಾಗಿ ಆಫೀಸಿನಲ್ಲಿ ಕೂರಬೇಕು. ಯಾರು ಕೂರಬೇಕೆಂದು ಪ್ರತಿ ವರ್ಷವೂ ಜಗಳ. ಚೀಟಿ ಎತ್ತಿದರೆ ಮೋಸ ಎನ್ನುತ್ತಿದ್ದರು, ಸರತಿ ಹಚ್ಚಿದರೆ ಹೋದ ವರ್ಷ ನಾನೇ ಕೂತಿದ್ದೆ ಎನ್ನುತ್ತಿದ್ದರು. ಅದಕ್ಕೇ ಅವರ ಟೀಮ್ ಲೀಡ್ ಸುಖೇಶ್, ಕುಂದಾಪುರದ ಕಡೆಯ ಹುಡುಗ, ಆ ವರ್ಷ ಒಂದು ಉಪಾಯ ತೆಗೆದ. ಒಂಬತ್ತೂ ಜನ ಇಂಟರ್‌ನೆಟ್ಟಿನಲ್ಲಿ ಫುಟ್‌ಬಾಲ್ ಆಟ ಆಡುತ್ತಿದ್ದರು. ಅಕ್ಟೋಬರ್ ಇಪ್ಪತ್ತಮೂರರ ಭಾನುವಾರಕ್ಕೆ ಅದರಲ್ಲಿ ಯಾರು ಕೊನೆಯ ಎರಡು ಜಾಗದಲ್ಲಿ ಇರುತ್ತಾರೋ ಅವರಿಗೆ ಹಬ್ಬದ ಡ್ಯೂಟಿ. ಎಲ್ಲರೂ ಕೈ ಎತ್ತಿ ಒಪ್ಪಿದರಂತೆ. ಇವರು ಎರಡೂ ಕೈ ಎತ್ತಿದರಂತೆ.

ಆ ಆಟ ಹೇಗೆಂದರೆ, ಇಂಗ್ಲೆಂಡಿನಲ್ಲಿ ನಿಜವಾಗಿ ಆಡುವ ಆಟಗಾರರಲ್ಲಿ ಹದಿನೈದು ಜನರನ್ನು ನೀವು ಆರಿಸಬೇಕು. ಹನ್ನೊಂದು ಜನ ಮೈದಾನಕ್ಕೆ, ನಾಲ್ವರು ಬೆಂಚಿಗೆ. ಶನಿವಾರ, ಭಾನುವಾರ ಅವರು ಅಲ್ಲಿ ಆಡಿದ ಹಾಗೆ ಇಲ್ಲಿ ನಿಮಗೆ ಅಂಕ. ಬಂದು ಪೂರ್ತಿ ಆಡಿದರೆ ಎರಡು, ಗೋಲು ಹೊಡೆದರೆ ಮತ್ತಷ್ಟು, ಹಿಂದೆ ನಿಂತು ಕಾಯುವವನ ತಂಡ ಗೋಲು ಬಿಟ್ಟುಕೊಡದಿದ್ದರೆ ಅವನಿಗೂ ನಾಲ್ಕು ಹೆಚ್ಚು. ಬೆಂಚಿನವನು ಏನು ಮಾಡಿದರೂ ಲೆಕ್ಕಕ್ಕಿಲ್ಲ. ತಂಡ ಬದಲಿಸುವುದಿದ್ದರೆ ನಮ್ಮ ಗಡಿಯಾರದಲ್ಲಿ ಶನಿವಾರ ನಾಲ್ಕು ಗಂಟೆಯ ಒಳಗೆ. ಒಟ್ಟಿನಲ್ಲಿ ಓಡುವವರು ಅಲ್ಲಿ, ಬೆವರುವವರು ಇಲ್ಲಿ.

ಇವರು ಆರಿಸಿದ್ದೆಲ್ಲ ಹೀರೋಗಳನ್ನು. ಜಾಹೀರಾತಿನಲ್ಲಿ ಬರುವವನು, ಕೂದಲಿಗೆ ಬಣ್ಣ ಹಾಕಿಕೊಂಡವನು, ಮೂರು ಹುಡುಗಿಯರ ಜೊತೆ ಪೇಪರಿನಲ್ಲಿ ಬಂದವನು. ಅವರಿಗೆ ವಾರಕ್ಕೊಂದು ನೋವು. ಒಬ್ಬ ಆಡಿದರೆ ಇಬ್ಬರು ಮಲಗಿರುತ್ತಿದ್ದರು. ಸೆಪ್ಟೆಂಬರ್ ಮಧ್ಯಕ್ಕೆ ಬರುವಾಗ ಒಂಬತ್ತು ಜನರಲ್ಲಿ ಇವರು ಒಂಬತ್ತನೆಯವರು. ಅವತ್ತು ಊಟಕ್ಕೆ ಕೂತಾಗ ಡ್ಯೂಟಿಯ ವಿಷಯ ಬಾಯಿಬಿಟ್ಟರು. ನನ್ನ ತಲೆ ಕೆಟ್ಟುಹೋಯಿತು. ಹೆಂಡತಿಯ ತವರನ್ನು ಜೂಜಿಗೆ ಇಟ್ಟ ಗಂಡಸು ಇನ್ನು ಏನೇನು ಇಡುತ್ತಾನೋ ಎಂದು ಅತ್ತೆಯ ಎದುರಿಗೇ ಅಂದುಬಿಟ್ಟೆ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ, ಆದರೆ ನನ್ನನ್ನು ಬೈಯಲೂ ಇಲ್ಲ.

ಮಾವ ಮಾತ್ರ ಕೈ ತೊಳೆದುಕೊಂಡು ಬಂದು, ಆ ಆಟಗಾರರ ಪಟ್ಟಿ ಎಲ್ಲಿದೆ ತಾ ಎಂದರು.

ಮರುದಿನ ಇವರು ಆಫೀಸಿನಿಂದ ಒಂದು ಕಟ್ಟು ಕಾಗದ ಪ್ರಿಂಟ್ ಮಾಡಿ ತಂದರು. ಮಾವ ಒಂದು ಉದ್ದನೆಯ ರಜಿಸ್ಟರ್ ಕೊಂಡು ತಂದು, ಅಡಿಪಟ್ಟಿ ಇಟ್ಟು ಕೆಂಪು ಗೆರೆ ಎಳೆದರು. ಹೆಸರು, ವಯಸ್ಸು, ಎಷ್ಟು ವರ್ಷದ ಸರ್ವಿಸು, ಹಾಜರಿ, ಷರಾ. ಎರಡು ದಿನ ಕನ್ನಡಕ ಇಳಿಸಲಿಲ್ಲ. ಮೂರನೆಯ ದಿನ ತೀರ್ಪು ಕೊಟ್ಟರು. ಗೋಲು ಹೊಡೆಯುವವನು ದಿನಾ ಹೊಡೆಯುವುದಿಲ್ಲ, ಆದರೆ ದಿನಾ ಬರುವವನು ದಿನಾ ಎರಡು ಅಂಕ ತರುತ್ತಾನೆ. ಕಾರ್ಖಾನೆ ನಡೆಯುವುದು ಶಾಣ್ಯಾರಿಂದ ಅಲ್ಲ, ಬರುವವರಿಂದ. ಅಷ್ಟು ಹೇಳಿ ಇವರ ಹೀರೋಗಳ ಮೇಲೆ ಒಬ್ಬೊಬ್ಬರಾಗಿ ಗೆರೆ ಎಳೆದರು. ಇವರು ನೋಡಲಾಗದೆ ಎದ್ದು ಹೋದರು.

ಹೊಸ ತಂಡದಲ್ಲಿ ಮೈದಾನಕ್ಕೆ ಇಳಿದವರೆಲ್ಲ ಮೂವತ್ತು ದಾಟಿದವರು. ಯಾರ ಫೋಟೋ ನೋಡಿದರೂ ಮನೆ ಕಟ್ಟಿಸಿ ಸೋತವರ ಮುಖ. ಇಪ್ಪತ್ತರ ಹುಡುಗರನ್ನು ಮಾವ ಬೆಂಚು ಬಿಟ್ಟು ಏಳಲು ಬಿಡಲಿಲ್ಲ, ಮೊದಲು ಪ್ರೊಬೇಷನ್ ಮುಗಿಯಲಿ ಎಂದರು. ಹಳದಿ ಕಾರ್ಡ್ ಅವರ ಪುಸ್ತಕದಲ್ಲಿ ‘ಮೆಮೋ’, ಕೆಂಪು ಕಾರ್ಡ್ ‘ಸಸ್ಪೆನ್ಷನ್’, ಕಾಲು ನೋವು ‘ಮೆಡಿಕಲ್ ರಜೆ’. ಆ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳದೆ, ಹನ್ನೊಂದು ಜನರಿಗೂ ಕಾರ್ಖಾನೆಯ ತಮ್ಮ ಗೆಳೆಯರ ಹೆಸರಿಟ್ಟರು. ಗೋಲ್‌ಕೀಪರ್ ಸಂಕಪ್ಪನಾದ. ಹಿಂದೆ ನಿಂತು ಕಾಯುವ ಬೋಳುತಲೆಯವನು, ಮೂವತ್ತಾರು ವರ್ಷದವನು, ಹೊಳಬಸಪ್ಪನಾದ. ನಾಲ್ಕು ವರ್ಷದಲ್ಲಿ ಒಂದೇ ಒಂದು ಪಂದ್ಯವನ್ನೂ ತಪ್ಪಿಸದವನು ಆತ. ಅವನ ಹೆಸರಿನ ಮುಂದೆ ಮಾವ ‘ಅತ್ಯುತ್ತಮ’ ಎಂದು ಷರಾ ಬರೆದಿದ್ದರು. ಮೂವತ್ತೆಂಟು ವರ್ಷದ ನೌಕರಿಯಲ್ಲಿ ತಾವು ಆ ಷರಾ ಬರೆದದ್ದು ಇದು ಮೂರನೇ ಸಲ ಎಂದು ನನಗೆ ಹೇಳಿದರು.

ಇವರ ಆಫೀಸಿನಲ್ಲಿ ಆಟದ ಸೈಟುಗಳನ್ನು ಬಂದ್ ಮಾಡಿದ್ದರು, ಶನಿವಾರ ಬೇರೆ ಇವರಿಗೆ ಡ್ಯೂಟಿ. ಹಾಗಾಗಿ ಪ್ರತಿ ಶನಿವಾರ ಮೂರು ಗಂಟೆಗೆ ಖಡಕಿ ಬಜಾರಿನ ಸೈಬರ್ ಕೆಫೆಗೆ ಮಾವ ಮತ್ತು ನಾನು. ಮಾವ ಮೌಸ್ ಮುಟ್ಟುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ರಜಿಸ್ಟರ್ ತೆರೆದು ಕೂತು ಹೆಸರು ಓದುವುದು, ನಾನು ಒತ್ತುವುದು. ಸುತ್ತಲೂ ಕಾಲೇಜು ಹುಡುಗರು ಪರದೆ ಎಳೆದುಕೊಂಡು ಏನೇನೋ ನೋಡುತ್ತಿರುತ್ತಿದ್ದರು, ಮಾವ ಗಟ್ಟಿ ದನಿಯಲ್ಲಿ ‘ಹೊಳಬಸಪ್ಪ, ಹಾಜರ್’ ಎನ್ನುತ್ತಿದ್ದರು. ಮೊದಲ ವಾರ ನನಗೆ ನಾಚಿಕೆಯಾಯಿತು. ಆಮೇಲೆ ಶನಿವಾರ ಯಾವಾಗ ಬರುತ್ತದೋ ಎಂದು ಕಾಯತೊಡಗಿದೆ.

ಯಾಕೆಂದರೆ ಅಂಕ ಏರುತ್ತಿತ್ತು. ಆ ಮುದಿ ದಂಡು ಮಳೆಯಿರಲಿ ಚಳಿಯಿರಲಿ ಬಂದು ಆಡಿ ಎರಡೆರಡು ಅಂಕ ಕೊಟ್ಟು ಹೋಗುತ್ತಿತ್ತು. ಅಕ್ಟೋಬರ್ ಮಧ್ಯಕ್ಕೆ ಇವರು ಏಳನೆಯ ಜಾಗಕ್ಕೆ ಬಂದರು. ಎಂಟನೆಯವಳು ತನುಶ್ರೀ ಎಂಬ ಹುಡುಗಿ, ಇವರಿಗಿಂತ ನಾಲ್ಕೇ ಅಂಕ ಕಡಿಮೆ. ಒಂಬತ್ತನೆಯವನು ಆಸೆ ಬಿಟ್ಟು ಡ್ಯೂಟಿಗೆ ಡಬ್ಬಿಯ ವ್ಯವಸ್ಥೆ ಮಾಡಿಕೊಂಡಿದ್ದ. ಉಳಿದಿದ್ದು ಒಂದೇ ವಾರ. ಆ ತನುಶ್ರೀ ಒಳ್ಳೆಯವಳೇ, ನನ್ನ ಮದುವೆಗೂ ಬಂದಿದ್ದಳು. ಆದರೂ ಅವಳ ಆಟಗಾರರ ಕಾಲು ಮುರಿಯಲಿ ಎಂದು ನಾನು ದಿನಾ ದೀಪ ಹಚ್ಚುವಾಗ ಬೇಡಿಕೊಂಡಿದ್ದು ಸುಳ್ಳಲ್ಲ.

ಸರಿಯಾಗಿ ಆಗಲೇ ಹೊಳಬಸಪ್ಪ ಕೈಕೊಟ್ಟ. ಕೊನೆಯ ವಾರದ ಹಿಂದಿನ ಪಂದ್ಯಕ್ಕೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂದು ಯಾವ ಪೇಪರಿನಲ್ಲೂ ಇಲ್ಲ. ಕೊನೆಯ ಶನಿವಾರ ನಾವು ಕೆಫೆಯಲ್ಲಿ ಕೂತಾಗ ಇವರ ಫೋನ್ ಬಂತು. ಹೊಳಬಸಪ್ಪನನ್ನು ಬೆಂಚಿಗೆ ಹಾಕು, ಬೆಂಚಿನಲ್ಲಿರುವ ಹತ್ತೊಂಬತ್ತರ ಹುಡುಗನನ್ನು ಒಳಗೆ ತಗೋ, ಆಫೀಸಿನಲ್ಲಿ ಎಲ್ಲರೂ ಅವನನ್ನೇ ತಗೊಂಡಿದ್ದಾರೆ, ಅಪ್ಪಗ ಹೇಳಬ್ಯಾಡ ಎಂದರು. ಆ ಹುಡುಗ ಹದಿನೈದು ತುಂಬಿಸಲು ಹಾಕಿದವನು, ಮಾವ ಅವನಿಗೆ ಹೆಸರು ಕೂಡ ಇಟ್ಟಿರಲಿಲ್ಲ.

ಹೇಳಬೇಡ ಎಂದರೂ ಹೇಳಿದೆ. ಮಾವ ರಜಿಸ್ಟರಿನ ಮೇಲೆ ಕೈಯಿಟ್ಟರು.

“ನಾಲ್ಕು ವರ್ಷ ಬಂದಾಂವಾ ಒಂದು ದಿನಾ ಬರ್ಲಿಲ್ಲಂದ್ರ ಅವಗ ಏನೋ ಅಡಚಣಿ ಅದ ಅಂತ ತಿಳೀಬೇಕು, ಶೈಲಾ. ಹಂಗ ತಗದ ಒಗ್ಯೂದಲ್ಲ. ಇರ್ಲಿ ಬಿಡು ಅಂವಾ.”

ಇರಲಿ ಎಂದು ನಾನೂ ತಲೆಯಾಡಿಸಿದೆ. ಮಾವ ನೀರು ಕುಡಿಯಲು ಹೊರಗೆ ಹೋದರು. ಗಡಿಯಾರದಲ್ಲಿ ಮೂರು ಐವತ್ತು. ಹೊಳಬಸಪ್ಪ ಬರದಿದ್ದರೆ? ಆಗ ಅಪ್ಪನಿಗೆ ಏನು ಹೇಳುವುದು, ಬೋಳುತಲೆಯವನೊಬ್ಬ ಕೈಕೊಟ್ಟ ಎಂದೇ? ನನಗೆ ಅಪ್ಪನ ಗಾದಿ ಕಂಡಿತು, ಓಣಿಯ ಕಿಟಕಿಗಳು ಕಂಡವು. ಎರಡು ಸಲ ಒತ್ತಿದೆ. ಹೊಳಬಸಪ್ಪ ಬೆಂಚಿಗೆ ಹೋದ, ಹುಡುಗ ಒಳಗೆ ಬಂದ. ಮಾವ ಬಾಯಿ ಒರೆಸಿಕೊಳ್ಳುತ್ತ ಬಂದು, ಎಲ್ಲ ಬರೋಬರಿ ಆಯಿತೇ ಎಂದು ಕೇಳಿದರು. ಬರೋಬರಿ ಆಯಿತು ಎಂದೆ. ಅವರು ಹೊಳಬಸಪ್ಪನ ಮುಂದೆ ನೀಟಾಗಿ ‘ಹಾಜರ್’ ಎಂದು ಬರೆದುಕೊಂಡರು.

ಆ ಹುಡುಗ ಶನಿವಾರ ಏನು ಮಾಡಿದ ಗೊತ್ತೇ? ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗ ಬಂದು, ಎರಡು ಸಲ ಬಿದ್ದು, ಎದ್ದು ಹೋದ. ಒಂದು ಅಂಕ. ಆಮೇಲೆ ಇವರು ಇನ್ನೊಂದು ವಿಷಯ ಹೇಳಿದರು. ಮೈದಾನದವನು ಪೂರ್ತಿ ಗೈರುಹಾಜರಾದರೆ ಬೆಂಚಿನವನು ತಾನಾಗಿಯೇ ಅವನ ಜಾಗಕ್ಕೆ ಇಳಿಯುತ್ತಾನಂತೆ. ಅಂದರೆ ಆ ಹುಡುಗ ಮನೆಯಲ್ಲೇ ಮಲಗಿದ್ದರೆ ಹೊಳಬಸಪ್ಪ ಲೆಕ್ಕಕ್ಕೆ ಬರುತ್ತಿದ್ದ. ಹಾಳಾದವನು ಹತ್ತು ನಿಮಿಷಕ್ಕೆ ಬಂದು ಕೆಡಿಸಿದ. ಇರಲಿ, ಹೊಳಬಸಪ್ಪ ಭಾನುವಾರವೂ ಬರದಿದ್ದರೆ ಸಾಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದುಕೊಂಡು ಮಲಗಿದೆವು.

ಭಾನುವಾರ ಸಂಜೆ ಟಿವಿಯಲ್ಲಿ ಅವನದೇ ಪಂದ್ಯ. ಸಾಲಾಗಿ ಆಟಗಾರರು ಹೊರಗೆ ಬಂದರು, ಐದನೆಯವನು ಬೋಳುತಲೆ. ಮಾವ ಸೋಫಾದ ತುದಿಗೆ ಸರಿದು ಕೂತು, ನೋಡಿದಿರಾ, ಬಂದ ನೋಡಿ ಎಂದು ನಮ್ಮಿಬ್ಬರ ಮುಖ ನೋಡಿದರು. ನಾವಿಬ್ಬರೂ ಗೋಡೆ ನೋಡಿದೆವು. ಎರಡನೆಯ ಅರ್ಧದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ಆ ಬೋಳುತಲೆ ಅಡ್ಡ ಬಂತು, ಚೆಂಡು ಬಲೆಯೊಳಗೆ ಹೋಯಿತು. ಆರು ವರ್ಷದಲ್ಲಿ ಅವನ ಮೊದಲ ಗೋಲಂತೆ. ಎದುರಿನವರಿಗೆ ಒಂದೂ ಗೋಲು ಸಿಗಲಿಲ್ಲ. ಹನ್ನೆರಡು ಅಂಕ. ಮಾವ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಅರವತ್ತು ವರ್ಷದ ಮನುಷ್ಯ ಬರಿಗಾಲಲ್ಲಿ ಕುಣಿಯುವುದೊಂದು ಬಾಕಿ. ನಾವು ಬಾಯಿ ತೆರೆಯುವಷ್ಟರಲ್ಲಿ ಫೋನ್ ಎತ್ತಿಕೊಂಡು ಗದಗಕ್ಕೆ ಹಚ್ಚಿಯೇಬಿಟ್ಟರು. ಬೀಗರೇ, ಮಕ್ಕಳು ಬರುತ್ತಾರೆ, ಗಾದಿ ಹಾಸಿರಿ ಎಂದರು. ಆ ಕಡೆ ನಮ್ಮಪ್ಪ ನಕ್ಕಿದ್ದು ನನಗಿಲ್ಲಿ ಕೇಳಿಸಿತು.

ಇವರು ಎದ್ದು ಬಚ್ಚಲಿಗೆ ಹೋದರು. ಇಂಥ ಹೊತ್ತಿನಲ್ಲಿ ಗಂಡಸರಿಗೆ ಬಚ್ಚಲು ಹೇಗೆ ನೆನಪಾಗುತ್ತದೋ ಕಾಣೆ. ನಾನು ಮಾವನ ಮುಂದೆ ನಿಂತು, ಹೊಳಬಸಪ್ಪ ನಮ್ಮ ಹನ್ನೊಂದರಲ್ಲಿಲ್ಲ, ನಾನೇ ಬೆಂಚಿಗೆ ಹಾಕಿದೆ ಎಂದೆ, ಇವರು ಹೇಳಿದ ಬೆಂಚಿನ ರೂಲನ್ನೂ ಹೇಳಿದೆ. ಸುಖೇಶನ ಫೋನೂ ಅಷ್ಟರಲ್ಲೇ ಬಂತು. ತನುಶ್ರೀ ಮೂರು ಅಂಕದಿಂದ ಮುಂದೆ ಹೋಗಿದ್ದಳು. ಇವರು ಎಂಟನೆಯವರು.

ಮಾವ ರಜಿಸ್ಟರ್ ತೆಗೆದು, ‘ಹಾಜರ್’ ಎಂದು ಬರೆದಲ್ಲಿ ಬೆರಳಿಟ್ಟರು.

“ತಗದಿದ್ದಕ್ಕ ಬ್ಯಾಸರಿಲ್ಲ, ಶೈಲಾ. ಬರೋಬರಿ ಆತು ಅಂದ್ಯಲ್ಲ, ಅದಕ್ಕ ಬ್ಯಾಸರ ಆತು.”

ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಅಡುಗೆಮನೆಗೆ ಹೋಗಿ, ‘ಅತ್ತೆ, ನಾನು ತಪ್ಪು ಮಾಡಿದೆ’ ಎಂದು ಅತ್ತುಬಿಟ್ಟೆ. ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ತಟ್ಟಿದರು. ಅಪ್ಪನಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎರಡು ದಿನ ಮಾವ ಇಸ್ತ್ರಿ ಅಂಗಿಯನ್ನೂ ತೊಡಲಿಲ್ಲ, ಬನಿಯನ್ನಿನಲ್ಲೇ ಇದ್ದರು.

ಬುಧವಾರ ಅಂಗಿ ತೊಟ್ಟು ಎಲ್ಲಿಗೋ ಹೋದರು. ಮಧ್ಯಾಹ್ನ ಬಂದು ಮೇಜಿನ ಮೇಲೆ ಗದಗದ ಬಸ್ಸಿನ ಮೂರು ಟಿಕೆಟ್ ಇಟ್ಟರು. ನನಗೊಂದು, ಅತ್ತೆಗೊಂದು, ತಮಗೊಂದು. ಇವರು ಕಣ್ಣು ಕಣ್ಣು ಬಿಟ್ಟರು.

“ಮೈದಾನದಾಂವಾ ಬರ್ಲಿಲ್ಲಂದ್ರ ಬೆಂಚಿನ್ಯಾಂವಾ ಇಳೀಬೇಕು. ರೂಲು ನೀನಽ ಹೇಳಿದ್ದಲ್ಲೇನು?” ಎಂದು ಮಗನಿಗೆ ಹೇಳಿ, ಡ್ಯೂಟಿಯ ದಿನಗಳಲ್ಲಿ ಊಟ ಎಲ್ಲಿ ಮಾಡುತ್ತೀಯೋ ನೋಡಿಕೋ ಎಂದರು.

ಅಪ್ಪ ಬಸ್ ಸ್ಟ್ಯಾಂಡಿಗೆ ಹೊಸ ಧೋತರ ಉಟ್ಟು ಬಂದಿದ್ದ. ಬಸ್ಸಿನಿಂದ ಅಳಿಯನ ಬದಲು ಬೀಗರು ಇಳಿದದ್ದು ನೋಡಿ ಅರೆಗಳಿಗೆ ತಬ್ಬಿಬ್ಬಾದ. ಮಾವ ತಾವೇ ಮುಂದೆ ಹೋಗಿ ಕೈ ಹಿಡಿದು, ನಿಮ್ಮ ಅಳಿಯನಿಗೆ ಡ್ಯೂಟಿ ಬಿತ್ತು, ಸದ್ಯ ನನ್ನನ್ನು ಸುಧಾರಿಸಿಕೊಳ್ಳಿ ಎಂದರು. ಅಪ್ಪ ಜೋರಾಗಿ ನಕ್ಕ. ಓಣಿಯ ಕಿಟಕಿಗಳು ತೆರೆದವು. ನನ್ನ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಮುದುಕನನ್ನು ಕಂಡು ಯಾರು ಏನೆಂದುಕೊಂಡರೋ, ನಾನು ತಲೆ ಎತ್ತಿಯೇ ನಡೆದೆ.

ಹಬ್ಬದ ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ರಂಗೋಲಿ ಹಾಕಿ, ಅಳಿಯನನ್ನು ಕೂರಿಸಿ ಎಣ್ಣೆ ಹಚ್ಚಲೆಂದು ಮಾಡಿಸಿದ್ದ ಹೊಸ ಮಣೆ ಇಟ್ಟಳು. ಇಟ್ಟ ಮೇಲೆ, ಕೂರುವವನೇ ಇಲ್ಲವಲ್ಲ ಎಂದು ಅವಳ ಮುಖ ಸಪ್ಪಗಾಯಿತು. ಅಪ್ಪ ತಮಾಷೆಗೆ ಮಾವನನ್ನು ಕರೆದ, ನೀವೇ ಬರ್ರಿ ಎಂದ. ಮಾವ ನಗುತ್ತ ಬಂದವರು ಮಣೆಯ ಮುಂದೆ ನಿಂತುಬಿಟ್ಟರು. ಇದು ಹುಡುಗರ ಜಾಗ, ನನಗೆ ಬೇಡ ಎಂದರು. ಎಲ್ಲರೂ ಒತ್ತಾಯ ಮಾಡಿದರು. ಬೇಡವೇ ಬೇಡ ಎಂದರು.

ಆಗ ಅತ್ತೆ, ಅಷ್ಟು ದಿನ ಈ ಆಟದ ಬಗ್ಗೆ ಒಂದು ಸಲವೂ ಬಾಯಿ ಹಾಕದ ಅತ್ತೆ, ಗೋಡೆಗೆ ಆತುಕೊಂಡು ಕೂತಲ್ಲಿಂದ ಹೇಳಿದರು.

“ಕೂಡ್ರಿ. ಎಪ್ಪತ್ತೊಂದರಾಗ ನಮ್ಮ ಮೊದಲ ದೀಪಾವಳಿಗೆ ನಮ್ಮವ್ವ ನಿಮ್ಮ ಮಣಿ ಮೂರು ದಿನಾ ಎತ್ತಿದ್ದಿಲ್ಲ. ಬಸ್ಸು ತಡಾ ಆಗಿರಬೇಕು, ಬಂದಽ ಬರ್ತಾರ ಅಂತಿದ್ಲು.”

ಆ ವರ್ಷ ಯುದ್ಧದ ಗದ್ದಲ, ಕಾರ್ಖಾನೆಯಲ್ಲಿ ಯಾರಿಗೂ ರಜೆ ಇರಲಿಲ್ಲ ಎಂದು ಮಾವ ತಗ್ಗಿದ ದನಿಯಲ್ಲಿ ಹೇಳಿದರು. ಹೇಳಿದ್ದು ಯಾರಿಗೆಂದು ತಿಳಿಯಲಿಲ್ಲ, ನೆಲ ನೋಡುತ್ತಿದ್ದರು.

“ಅರ್ಜಿ ಕೊಟ್ಟಿದ್ರೇನು?” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಮೂವತ್ತನಾಲ್ಕು ವರ್ಷ ಕೇಳಬೇಕೆಂದು ಇಟ್ಟುಕೊಂಡಿದ್ದ ಪ್ರಶ್ನೆ ಎಂದು ಮಾತ್ರ ಗೊತ್ತಾಗುತ್ತಿತ್ತು.

ಮಾವ ಕಿಸೆಯ ಪೆನ್ನು ಮುಟ್ಟಿಕೊಂಡರು.

“ಇಲ್ಲ,” ಎಂದರು. “ಹೆಂಗೂ ಸಿಗೂದಿಲ್ಲಂತ ಬರೀಲಿಲ್ಲ.”

ಅತ್ತೆ ಎದ್ದರು. ನಮ್ಮವ್ವನ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಮಣೆಯ ಹತ್ತಿರ ಬಂದು ನಿಂತರು. ಮಾವ ಕಿಸೆಯ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು ಕುಳಿತರು. ಅವರ ಅತ್ತೆ ಹಚ್ಚಬೇಕಿದ್ದ ಎಣ್ಣೆಯನ್ನು ನಮ್ಮ ಅತ್ತೆ ಹಚ್ಚಿದರು.